ಕಿರುವಾನರದ ಸ್ಮೃತಿಕೇಂದ್ರದ ಕೋಶವಿನ್ಯಾಸ: ಒಂದು ವಿಮರ್ಶೆ

ನೆನಪು ಮಿದುಳಿನ ಯಾವ ಎಡೆಯನ್ನು ಆಶ್ರಯಿಸಿದೆ, ಆ ಎಡೆಯ ನರಕೋಶಗಳು ಯಾವ ಕ್ರಮದಲ್ಲಿ ಜೋಡಣೆಗೊಂಡಿವೆ ಎಂಬ ಪ್ರಶ್ನೆಗಳನ್ನು ಕುರಿತು ಕಳೆದ ನೂರೈವತ್ತು ವರ್ಷಗಳಲ್ಲಿ ಬೆಳೆದು ಬಂದಿರುವ ವಾಙ್ಮಯವು ಅಪಾರವಾದುದು. ಅದರ ಬಹುಭಾಗವು ಇಲಿ, ಚಿಟ್ಟಿಲಿಗಳೇ ಮೊದಲಾದ ದಂಶಕ ಪ್ರಾಣಿಗಳ ಪರೀಕ್ಷೆಯಿಂದ ಲಭಿಸಿದ್ದು. ಅದನ್ನು ಓದುವ ಕುತೂಹಲವಾದರೋ ಮನುಷ್ಯನನ್ನು ಕುರಿತದ್ದು. ಇವೆರಡರ ನಡುವಣ ಅಂತರವನ್ನು ತುಂಬುವ ಪ್ರಾಣಿಯೆಂದು ಈಚಿನ ದಶಕಗಳಲ್ಲಿ ಬ್ರಜಿಲ್ ದೇಶದ ಈಶಾನ್ಯ ಭಾಗದ ಕಿರುವಾನರವಾದ ಮಾರ್ಮೊಸೆಟ್ ಪ್ರಯೋಗಶಾಲೆಗಳನ್ನು ಪ್ರವೇಶಿಸಿದೆ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದಾದ ಈ ಕೋತಿಯ ತೂಕ ಸುಮಾರು 300ರಿಂದ 400 ಗ್ರಾಮು. ಮಿದುಳಿನ ತೂಕ ಸುಮಾರು 8 ಗ್ರಾಮು. ನಮ್ಮ ಕಾಡುಗಳ ಕಾಡುಪಾಪವೂ ಗಾತ್ರದಲ್ಲಿ ಇದಕ್ಕೆ ಹತ್ತಿರವಾದುದೇ. ಆದರೆ ಅದು ವಾನರಗಣದ ಬೇರೊಂದು ಶಾಖೆಗೆ ಸೇರಿದ್ದು, ಕೋತಿಯಲ್ಲ. ವಾಚಕರು ಇವೆರಡನ್ನು ಒಂದೆಂದು ಭಾವಿಸಬಾರದು.

2009ರಲ್ಲಿ ಜಪಾನಿನ ವಿದ್ವಾಂಸರು ಮಾರ್ಮೊಸೆಟ್ ಸಂತತಿಯಲ್ಲಿ ಅನ್ಯಜೀನನ್ನು ನೆಲೆಗೊಳಿಸಿದರು. 2012ರಲ್ಲಿ ಪ್ಯಾಕ್ಸಿನೋಸ್, ವಾಟ್ಸನ್, ಪೆಟ್ರೈಡಿಸ್, ರೋಸಾ, ಟೊಕುನೊ ಎಂಬವರು ಅದರ ಮಿದುಳಿನ ವಿಸ್ತಾರವಾದ ನಕ್ಷೆಯೊಂದನ್ನು ಪ್ರಕಟಿಸಿದರು. 2014ರಲ್ಲಿ ಜಪಾನ್ ಸರ್ಕಾರವು ಈ ಪ್ರಾಣಿಯನ್ನೇ ಮುಂದಿಟ್ಟುಕೊಂಡು ಮಿದುಳಿನ ಅಧ್ಯಯನದ ಬೃಹದ್ಯೋಜನೆಯೊಂದನ್ನು ಆರಂಭಿಸಿತು. ಹೀಗೆ ಸಾಮಗ್ರಿಯು ರಾಶಿರಾಶಿಯಾಗಿ ಒದಗುತ್ತಿರುವ ಈ ಕಾಲದಲ್ಲಿ, ಅದನ್ನು ಅಳೆಯುವ ಅಳತೆಗೋಲುಗಳು ಎಷ್ಟರಮಟ್ಟಿಗೆ ನೆಟ್ಟಗಿವೆ ಎಂದು ನೋಡುವುದು ವಿಮರ್ಶೆಯ ಕರ್ತವ್ಯ. ಪ್ರಕೃತ ಲೇಖನದಲ್ಲಿ ನಾವು ಹೊಸ ಪ್ರಯೋಗವೊಂದನ್ನು ವರದಿಮಾಡುತ್ತಿಲ್ಲ. ಸ್ಮೃತಿಕೇಂದ್ರವೆಂದು ಪ್ರಸಿದ್ಧವಾದ ಹಿಪೊಕ್ಯಾಂಪಸ್ ಎಂಬ ಭಾಗದ ಕೋಶವಿನ್ಯಾಸವನ್ನು ಕುರಿತು ಪಠ್ಯಗಳಲ್ಲಿ ಸಿದ್ಧವಾಕ್ಯಗಳಂತೆ ಹರಿದುಬರುತ್ತಿರುವ ನಾಲ್ಕು ಕಲ್ಪನೆಗಳನ್ನು ಪರೀಕ್ಷಿಸುವುದಷ್ಟೇ ನಮ್ಮ ಉದ್ದೇಶ. ಅವು ಗಡಿಯ ಕಲ್ಪನೆ, ದಾರಿಯ ಕಲ್ಪನೆ, ಎಣಿಕೆಯ ಕಲ್ಪನೆ ಮತ್ತು ಏಣಿಯ ಕಲ್ಪನೆ.

1. ಹೆಸರು ಮತ್ತು ಗಡಿ

1587ರಲ್ಲಿ ಇಟಲಿಯ ಬೊಲೊನ್ಯದ ಅಂಗರಚನಾಶಾಸ್ತ್ರಜ್ಞ ಅರಾಂಜಿ ಮನುಷ್ಯನ ಮಿದುಳಿನ ಒಳಗುಳಿಯ ತಳದಲ್ಲಿ ಉಬ್ಬಿಕೊಂಡಿದ್ದ ಬಾಗಿದ ಏಣೊಂದನ್ನು ಕಂಡು ಅದನ್ನು ಕಡಲಕುದುರೆಗೆ ಹೋಲಿಸಿದನು, ರೇಷ್ಮೆಹುಳುವಿಗೂ ಹೋಲಿಸಿದನು. ಮೊದಲನೆಯ ಹೋಲಿಕೆಯೇ ಹೆಸರಾಗಿ ಉಳಿಯಿತು. ಹದಿನೆಂಟನೆಯ ಶತಮಾನದವರಿಗೆ ಅದು ಟಗರಿನ ಕೊಂಬಿನಂತೆ ತೋರಿದ್ದರಿಂದ, ಟಗರುಗೊಂಬಿನ ಈಜಿಪ್ತ ದೇವತೆಯಾದ ಅಮ್ಮೋನನ ಹೆಸರನ್ನು ಅದಕ್ಕಿಟ್ಟರು. ಇಂದಿಗೂ ಅದರ ಉಪಭಾಗಗಳನ್ನು ಸೂಚಿಸುವ ಸಿಎ ಎಂಬ ಎರಡಕ್ಷರ 'ಅಮ್ಮೋನನ ಕೊಂಬು' ಎಂಬರ್ಥದ ಲ್ಯಾಟಿನ್ ಮಾತಿನ ಸಂಕ್ಷೇಪವೇ. ಬರಿಗಣ್ಣಿಗೆ ಕಂಡ ಆಕಾರದಿಂದ ಹೊರಟ ಹೆಸರು ಸೂಕ್ಷ್ಮದರ್ಶಕದ ಯುಗದಲ್ಲಿಯೂ ಬದಲಾಗಲಿಲ್ಲವೆಂಬುದನ್ನು ನಾವು ಮೊದಲಿಗೆ ಗಮನಿಸಬೇಕು.

1873ರಲ್ಲಿ ಗೊಲ್ಜಿಯು ಬೆಳ್ಳಿಯ ಲವಣದಿಂದ ಕೆಲವೇ ನರಕೋಶಗಳನ್ನು ಆಮೂಲಾಗ್ರವಾಗಿ ಕಪ್ಪೇರಿಸುವ ವಿಧಾನವನ್ನು ಕಂಡುಹಿಡಿದನು. ಅದೇ ವಿಧಾನವನ್ನು ಬಳಸಿದ ಸ್ಪೇನಿನ ಕಹಾಲನು ನರಕೋಶಗಳು ಒಂದರೊಳಗೊಂದು ಕರಗಿಹೋದ ಜಾಲವಲ್ಲ, ಬಿಡಿಬಿಡಿಯಾದ ಘಟಕಗಳೆಂದು ವಾದಿಸಿದನು. ಇಬ್ಬರೂ 1906ರಲ್ಲಿ ಒಂದೇ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಒಂದೇ ವಿಧಾನ, ಒಂದೇ ಬಗೆಯ ಅಂಗಾಂಶ, ಎರಡು ವಿರುದ್ಧ ಸಿದ್ಧಾಂತಗಳು! ಕಣ್ಣಿಗೆ ಕಂಡದ್ದೇ ಸತ್ಯವೆಂಬ ಮಾತಿನ ಮಿತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನವು ದೊರೆಯುವುದು ಕಷ್ಟ.

ಕಹಾಲನ ಶಿಷ್ಯನಾದ ಲೊರೆಂತೆ ದೆ ನೊ 1934ರಲ್ಲಿ ಅಮ್ಮೋನನ ಕೊಂಬನ್ನು ಸಿಎ 1, ಸಿಎ 2, ಸಿಎ 3, ಸಿಎ 4 ಎಂದು ನಾಲ್ಕಾಗಿ ವಿಭಾಗಿಸಿದನು. ಈ ವಿಭಾಗಕ್ಕೆ ಆಧಾರ ಕೇವಲ ಗಾತ್ರವಲ್ಲ, ಸಂಬಂಧ. ದಂತುರ ಮಡಿಕೆಯೆಂಬ ನೆರೆಯ ಪಟ್ಟಿಯಲ್ಲಿರುವ ಸಣ್ಣ ಕಣಕೋಶಗಳಿಂದ ಹೊರಡುವ ಪಾಚಿತಂತುಗಳು ಯಾವ ಪಿರಮಿಡ್ ಕೋಶಗಳನ್ನು ಮುಟ್ಟುತ್ತವೆಯೋ ಅವು ಸಿಎ 3. ಅವುಗಳಂತೆಯೇ ದೊಡ್ಡದಾಗಿದ್ದು ಪಾಚಿತಂತುಗಳ ಮುಳ್ಳುಗೊಂಚಲುಗಳಿಲ್ಲದವು ಸಿಎ 2. ಅವುಗಳಿಂದಾಚೆಗಿನ ಚಿಕ್ಕ ಪಿರಮಿಡ್ ಕೋಶಗಳು ಸಿಎ 1. ಈ ಲಕ್ಷಣಗಳು ಸ್ಪಷ್ಟವಾದವು, ಪರೀಕ್ಷಿಸತಕ್ಕವು. ಆದಕಾರಣವೇ ಅವು ಬಾಳಿದವು.

ಹೀಗಿದ್ದರೂ ನಾಲ್ಕರಲ್ಲಿ ಎರಡು ಭಾಗಗಳ ಚರಿತ್ರೆ ನಮಗೆ ಎಚ್ಚರಿಕೆಯನ್ನು ಹೇಳುತ್ತದೆ. ಸಿಎ 4 ಎಂಬ ಹೆಸರು ದಂತುರ ಮಡಿಕೆಯ ಒಳದವಡೆಯಲ್ಲಿ ಚದರಿಕೊಂಡಿರುವ ಕೋಶಗಳಿಗೆ ಸಲ್ಲುತ್ತಿತ್ತು. 1978ರಲ್ಲಿ ಅಮರಾಲ್ ಇಲಿಯ ಮಿದುಳಿನ ಈ ಪ್ರದೇಶವನ್ನು ಗೊಲ್ಜಿ ವಿಧಾನದಿಂದ ಪರಿಶೀಲಿಸಿ, ಅಲ್ಲಿ 21 ಬಗೆಯ ಕೋಶಗಳನ್ನು ವರ್ಣಿಸಿದನು. ಕೊಂಬಿನ ತುದಿಯ ಪಿರಮಿಡ್ ಕೋಶಗಳನ್ನು ಸಿಎ 3ಕ್ಕೂ, ಮಿಕ್ಕ ಬಹುರೂಪಿ ಕೋಶಗಳನ್ನು ದಂತುರ ಮಡಿಕೆಗೂ ಸೇರಿಸುವುದು ಯುಕ್ತವೆಂಬುದು ಆ ಮೇಲೆ ಬಹುಮಂದಿಗೆ ಒಪ್ಪಿಗೆಯಾಯಿತು. ಆದರೂ ಮನುಷ್ಯನ ರೋಗನಿದಾನದ ಬರಹಗಳಲ್ಲಿ ಸಿಎ 4 ಇನ್ನೂ ಬದುಕಿದೆ. ಒಬ್ಬರ ಲೇಖನದ ಸಿಎ 4 ಮತ್ತೊಬ್ಬರ ಲೇಖನದ 'ಬಹುರೂಪಿ ಪದರ'ವಾಗಿರಬಹುದು. ವಿದ್ಯಾರ್ಥಿಯು ಇವೆರಡನ್ನು ಎರಡು ಸ್ಥಳಗಳೆಂದು ಓದಿಕೊಂಡರೆ ತಪ್ಪು ಅವನದೇ ಎನ್ನಲಾಗದು.

ಸಿಎ 2ರ ಕಥೆ ಇದಕ್ಕೆ ವಿಲೋಮವಾದುದು. ದಶಕಗಟ್ಟಲೆ ಅನೇಕರು ಅದನ್ನು ಕೇವಲ ಸಂಧಿಪ್ರದೇಶವೆಂದು ಬಗೆದು, ಚಿತ್ರಗಳಲ್ಲಿ ಬಿಟ್ಟೇಬಿಟ್ಟರು. ಬಳಿಕ ಜೀನುಗಳ ಅಭಿವ್ಯಕ್ತಿಯನ್ನು ಕೋಶಕೋಶದಲ್ಲಿ ನೋಡುವ ವಿಧಾನಗಳು ಬಂದವು. ಚಿಟ್ಟಿಲಿಯಲ್ಲಿ ಜೀನುಗಳ ಗುರುತಿನಿಂದ ಸಿಎ 2ರ ಗಡಿಯನ್ನು 2005ರಲ್ಲಿ ಮರುನಿರ್ಣಯಿಸಲಾಯಿತು. ಅದರ ವ್ಯಾಪ್ತಿಯು ಹಳೆಯ ರೇಖೆಗೆ ಸರಿಹೊಂದಲಿಲ್ಲ. 2014ರಲ್ಲಿ ಎರಡು ವರದಿಗಳು ಬಂದವು: ಹಿಟ್ಟಿ ಮತ್ತು ಸೀಗಲ್‌ಬಾಮ್ ಎಂಬವರು ಚಿಟ್ಟಿಲಿಯು ತನ್ನ ಜಾತಿಯ ಇನ್ನೊಂದನ್ನು ಗುರುತಿಟ್ಟುಕೊಳ್ಳಲು ಈ ಪುಟ್ಟ ಭಾಗವೇ ಬೇಕೆಂದು ತೋರಿಸಿದರು, ಕೊಹಾರ ಮತ್ತು ಸಂಗಡಿಗರು ಕಣಕೋಶಗಳ ತಂತುಗಳು ಸಿಎ 2ನ್ನು ಕೂಡ ಮುಟ್ಟುತ್ತವೆಂದು ತೋರಿಸಿದರು. ಎಂದರೆ, ಯಾವ ಲಕ್ಷಣದ ಅಭಾವದಿಂದ ಈ ಭಾಗವು 1934ರಲ್ಲಿ ಹುಟ್ಟಿತೋ ಆ ಅಭಾವವೇ ಸಂಪೂರ್ಣವಲ್ಲವೆಂದು ತಿಳಿದುಬಂದಾಗ ಭಾಗವು ಅಳಿಯಲಿಲ್ಲ; ಮತ್ತಷ್ಟು ದೃಢವಾಯಿತು. ಲಕ್ಷಣವು ಬದಲಾಗಿ ಲಕ್ಷ್ಯವು ಉಳಿಯಿತು.

ಇದರಿಂದ ನಾವು ತೆಗೆಯುವ ನಿರ್ಣಯ ಇಷ್ಟು: ಗಡಿರೇಖೆಯು ಒಂದು ಪ್ರತಿಜ್ಞಾವಾಕ್ಯ, ಅಂಗಾಂಶದ ಮೇಲೆ ಪ್ರಕೃತಿಯು ಬರೆದ ಗೆರೆಯಲ್ಲ. ಮಾರ್ಮೊಸೆಟ್ಟಿನ ನಕ್ಷೆಯಲ್ಲಿ ಸಿಎ 2 ಎಂದು ಬರೆದಿದ್ದರೆ, ಅದನ್ನು ಕೋಶದ ಗಾತ್ರದಿಂದ ನಿರ್ಣಯಿಸಿದ್ದಾರೆಯೇ, ಪಾಚಿತಂತುಗಳಿಂದಲೇ, ಜೀನಿನ ಗುರುತಿನಿಂದಲೇ ಎಂದು ಕೇಳದೆ ಆ ಹೆಸರನ್ನು ಅಂಗೀಕರಿಸಲಾಗದು. ಮೂರು ಲಕ್ಷಣಗಳೂ ಒಂದೇ ಎಡೆಯಲ್ಲಿ ಸಂಧಿಸಿದಲ್ಲಿ ಗಡಿಯು ಬಲವಾದುದು. ಸಂಧಿಸದಿದ್ದಲ್ಲಿ ಆ ಭಿನ್ನತೆಯನ್ನೇ ವರದಿಮಾಡಬೇಕು.

2. ದಾರಿ

ಎರಡನೆಯದು, ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಕಾಣುವ ಬಾಣಗುರುತಿನ ಚಿತ್ರ. ಎಂಟೊರೈನಲ್ ಪ್ರದೇಶದಿಂದ ದಂತುರ ಮಡಿಕೆಗೆ, ಅಲ್ಲಿಂದ ಸಿಎ 3ಕ್ಕೆ, ಅಲ್ಲಿಂದ ಶಾಫರನ ಹೆಸರಿನ ಕವಲುಗಳ ಮೂಲಕ ಸಿಎ 1ಕ್ಕೆ: ಮೂರು ಕಟ್ಟೆಗಳ ಒಂದು ಕಾಲುವೆ. 1971ರಲ್ಲಿ ಆಂಡರ್ಸನ್, ಬ್ಲಿಸ್, ಸ್ಕ್ರೆಡೆ ಎಂಬವರು, ಹಿಪೊಕ್ಯಾಂಪಸ್ಸನ್ನು ಉದ್ದಕ್ಕೆ ಅಡ್ಡಲಾಗಿ ಹೋಳುಹೋಳಾಗಿ ಸೀಳಿದರೆ ಒಂದೊಂದು ಹೋಳಿನಲ್ಲಿಯೂ ಈ ಕಾಲುವೆ ಇಡಿಯಾಗಿ ದೊರೆಯುತ್ತದೆಂಬ ಕಲ್ಪನೆಯನ್ನು ಮುಂದಿಟ್ಟರು. ಈ ಕಲ್ಪನೆಯು ಫಲಪ್ರದವಾದುದೆಂಬುದರಲ್ಲಿ ಸಂದೇಹವಿಲ್ಲ. ಮಿದುಳಿನ ತೆಳುಹೋಳನ್ನು ಗಾಜಿನ ಬಟ್ಟಲಿನಲ್ಲಿ ಜೀವಂತವಾಗಿಟ್ಟು ಪರೀಕ್ಷಿಸುವ ಪದ್ಧತಿಗೆ ಅದು ಸಮರ್ಥನೆಯನ್ನೊದಗಿಸಿತು. ಆ ಪದ್ಧತಿಯಿಂದ ಬಂದ ಜ್ಞಾನವು ಅಮೂಲ್ಯ.

ಆದರೆ 1989ರಲ್ಲಿ ಅಮರಾಲ್ ಮತ್ತು ವಿಟರ್ ತಂತುಗಳ ಹರಹನ್ನು ಕ್ರೋಡೀಕರಿಸಿ, ಪಾಚಿತಂತುಗಳನ್ನು ಬಿಟ್ಟರೆ ಮಿಕ್ಕ ಮುಖ್ಯ ಸಂಬಂಧಗಳೆಲ್ಲ ಹಿಪೊಕ್ಯಾಂಪಸ್ಸಿನ ಉದ್ದಗಲಕ್ಕೂ ಹರಡುತ್ತವೆಂದು ತೋರಿಸಿದರು. ಹೋಳು ಒಂದು ಅನುಕೂಲ, ಅದು ಘಟಕವಲ್ಲ. ಕೆರೆಯ ನೀರನ್ನು ಬಿಂದಿಗೆಯಲ್ಲಿ ತಂದು ಪರೀಕ್ಷಿಸುವವನು ಕೆರೆಯೇ ಬಿಂದಿಗೆಗಳ ಸಾಲೆಂದು ಹೇಳಲಾಗದಷ್ಟೆ.

ವಾನರಗಳ ವಿಷಯದಲ್ಲಿ ಇನ್ನೂ ಒಂದು ಅಂಶವನ್ನು ಸೇರಿಸಬೇಕು. ಇಲಿಯಲ್ಲಿ ಎಡಬಲಗಳ ಹಿಪೊಕ್ಯಾಂಪಸ್ಸುಗಳು ಒಂದಕ್ಕೊಂದು ಸಮೃದ್ಧವಾದ ತಂತುಗಳನ್ನು ಕಳುಹಿಸುತ್ತವೆ. ಮಕಾಕ್ ಕೋತಿಯಲ್ಲಿ ಈ ಅಡ್ಡಸಂಬಂಧವು ಬಹಳಮಟ್ಟಿಗೆ ಮುಂತುದಿಯ ಭಾಗಕ್ಕೆ ಸೀಮಿತವಾಗಿದೆಯೆಂದು ಅಮರಾಲ್, ಇನ್ಸೌಸ್ತಿ, ಕೋವನ್ ಎಂಬವರು 1984ರಲ್ಲಿ ವರದಿಮಾಡಿದರು. ಅಂದಮೇಲೆ ಇಲಿಯ ಬಾಣಚಿತ್ರವನ್ನು ಹಾಗೆಯೇ ಎತ್ತಿ ಕೋತಿಯ ಮಿದುಳಿನ ಬಾಹ್ಯರೇಖೆಯೊಳಗೆ ಇಡುವುದು ನ್ಯಾಯವಲ್ಲ. ದಂಶಕಗಳಲ್ಲಿ ಈ ಅಂಗವು ಮಿದುಳಿನ ಮೇಲ್ಗಡೆಯಿಂದ ಕೆಳಕ್ಕೆ ಬಿಲ್ಲಿನಂತೆ ಬಾಗಿ ಇಳಿದರೆ, ವಾನರಗಳಲ್ಲಿ ಬಹುತೇಕ ಕಿವಿಯ ಮಟ್ಟದ ಪಾರ್ಶ್ವಖಂಡದಲ್ಲಿ ಮಲಗಿಕೊಂಡಿದೆ. ಇಲಿಯ ಕೆಳತುದಿಗೆ ವಾನರದ ಮುಂತುದಿಯು ಸಮಾನ. ಕೇವಲ 'ಮೇಲಣ', 'ಕೆಳಗಣ' ಎಂಬ ವಿಶೇಷಣಗಳನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸಿದರೂ ಅರ್ಥವು ತಲೆಕೆಳಗಾಗುತ್ತದೆ.

3. ಎಣಿಕೆ

ಮೂರನೆಯದು ಸಂಖ್ಯೆಯ ಪ್ರಶ್ನೆ. ಹಳೆಯ ವಾಙ್ಮಯದಲ್ಲಿ ಕೋಶಗಳ 'ಸಾಂದ್ರತೆ'ಯನ್ನು ಹೇಳುವ ರೂಢಿ ಇತ್ತು: ಇಂತಿಷ್ಟು ವಿಸ್ತೀರ್ಣದಲ್ಲಿ ಇಂತಿಷ್ಟು ಕೋಶ. ಈ ರೂಢಿಯಲ್ಲಿ ಎರಡು ದೋಷಗಳಿವೆ. ಅಂಗಾಂಶವನ್ನು ಮೇಣದಲ್ಲಿ ಹುದುಗಿಸುವಾಗ ಅದು ಕುಗ್ಗುತ್ತದೆ. ಕುಗ್ಗಿದಷ್ಟೂ ಸಾಂದ್ರತೆಯು ಏರುತ್ತದೆ, ಒಂದು ಕೋಶವೂ ಹೆಚ್ಚದೆಯೆ. ಅಲ್ಲದೆ, ತೆಳುಪದರಗಳಲ್ಲಿ ದೊಡ್ಡ ಕೋಶವೊಂದು ಎರಡು ಮೂರು ಪದರಗಳಲ್ಲಿ ತುಂಡುತುಂಡಾಗಿ ಕಾಣಿಸಿಕೊಂಡು ಎರಡು ಮೂರು ಬಾರಿ ಎಣಿಕೆಗೆ ಬರುತ್ತದೆ. ಅಬರ್‌ಕ್ರಾಂಬಿ 1946ರಲ್ಲಿ ಇದಕ್ಕೊಂದು ತಿದ್ದುಪಡಿಯ ಸೂತ್ರವನ್ನು ಕೊಟ್ಟನಾದರೂ, ಅದು ಕೋಶದ ಆಕಾರವನ್ನು ಮೊದಲೇ ಊಹಿಸಿಕೊಳ್ಳುತ್ತದೆ. ವೆಸ್ಟ್, ಸ್ಲೊಮಿಯಾಂಕ, ಗುಂಡರ್ಸನ್ ಎಂಬವರು 1991ರಲ್ಲಿ ನಿರೂಪಿಸಿದ ವಿಧಾನವು ಈ ಊಹೆಯನ್ನು ತೊಡೆದುಹಾಕಿತು: ಅಂಗದ ಒಂದು ತಿಳಿದ ಅಂಶವನ್ನು ಕ್ರಮವಾಗಿ ಆರಿಸಿ, ಅದರಲ್ಲಿ ಪ್ರತಿ ಕೋಶವನ್ನೂ ಒಂದೇ ಬಾರಿ ಎಣಿಸಿ, ಒಟ್ಟು ಸಂಖ್ಯೆಯನ್ನು ಪಡೆಯುವುದು. ಕುಗ್ಗುವಿಕೆಯು ಇಲ್ಲಿ ಬಾಧಕವಲ್ಲ.

ಈ ಬಗೆಯ ಎಣಿಕೆಯಿಂದ ದೊರೆತ ಅಂಕಿಗಳನ್ನು ಇಲ್ಲಿ ಕೊಡುತ್ತೇವೆ. ಎಲ್ಲವೂ ಒಂದು ಪಕ್ಕದ ಹಿಪೊಕ್ಯಾಂಪಸ್ಸಿಗೆ ಸಂಬಂಧಪಟ್ಟವು. ಇಲಿಯಲ್ಲಿ ದಂತುರ ಮಡಿಕೆಯ ಕಣಕೋಶಗಳು ಸುಮಾರು 12 ಲಕ್ಷ, ಸಿಎ 3 ಮತ್ತು ಸಿಎ 2 ಕೂಡಿ ಸುಮಾರು 2.5 ಲಕ್ಷ, ಸಿಎ 1 ಸುಮಾರು 3.8 ಲಕ್ಷ. ವೆಸ್ಟ್ ಮತ್ತು ಗುಂಡರ್ಸನ್ 1990ರಲ್ಲಿ ಪ್ರಕಟಿಸಿದ ಮನುಷ್ಯನ ಅಂಕಿಗಳಲ್ಲಿ ಕಣಕೋಶಗಳು ಸುಮಾರು 150 ಲಕ್ಷ, ಸಿಎ 3 ಮತ್ತು ಸಿಎ 2 ಸುಮಾರು 27 ಲಕ್ಷ, ಸಿಎ 1 ಸುಮಾರು 160 ಲಕ್ಷ.

ಓದುಗರು ಈ ಅಂಕಿಗಳನ್ನು ಭಾಗಿಸಿ ನೋಡಲಿ. ಇಲಿಯಿಂದ ಮನುಷ್ಯನಿಗೆ ಬರುವಾಗ ಕಣಕೋಶಗಳು ಹನ್ನೆರಡೂವರೆ ಪಟ್ಟು, ಸಿಎ 3 ಸುಮಾರು ಹನ್ನೊಂದು ಪಟ್ಟು ಹೆಚ್ಚಿದರೆ, ಸಿಎ 1 ನಲವತ್ತೆರಡು ಪಟ್ಟು ಹೆಚ್ಚಿದೆ. ಇಲಿಯಲ್ಲಿ ಸಿಎ 1ರ ಒಂದು ಕೋಶಕ್ಕೆ ಮೂರಕ್ಕೂ ಮಿಕ್ಕ ಕಣಕೋಶಗಳಿದ್ದರೆ ಮನುಷ್ಯನಲ್ಲಿ ಒಂದಕ್ಕೊಂದು ಸರಿಸಮವಾಗಿವೆ. ಎಂದರೆ, ಮನುಷ್ಯನ ಹಿಪೊಕ್ಯಾಂಪಸ್ ಇಲಿಯ ಹಿಪೊಕ್ಯಾಂಪಸ್ಸಿನ ದೊಡ್ಡ ಪ್ರತಿಯಲ್ಲ. ಅದರ ಅನುಪಾತವೇ ಬೇರೆ. ಕೋಶಗಳ ಜೋಡಣೆಯೂ ಬೇರೆ. ದಂಶಕಗಳ ಸಿಎ 1ರಲ್ಲಿ ಪಿರಮಿಡ್ ಕೋಶಗಳ ಒಡಲುಗಳು ಕಿರಿದಾದ ಪಟ್ಟಿಯಲ್ಲಿ ಒತ್ತೊತ್ತಾಗಿ ನಿಂತಿವೆ; ಮನುಷ್ಯನಲ್ಲಿ ಅವು ಅಗಲವಾದ ಹರಹಿನಲ್ಲಿ ವಿರಳವಾಗಿ ಹಂಚಿಕೊಂಡಿವೆ. ಸಾಂದ್ರತೆಯನ್ನು ಮಾತ್ರ ನೋಡಿದವನಿಗೆ ಮನುಷ್ಯನ ಸಿಎ 1 ಬಡಕಲಾಗಿ ತೋರುವುದು. ಒಟ್ಟು ಸಂಖ್ಯೆಯನ್ನು ನೋಡಿದವನಿಗೆ ಅದೇ ಶ್ರೀಮಂತವಾಗಿ ತೋರುವುದು. ಒಂದೇ ವಸ್ತುವಿನ ಮೇಲೆ ಎರಡು ವಿರುದ್ಧ ತೀರ್ಪುಗಳು, ಭೇದವು ಅಳತೆಯಲ್ಲಿದೆ.

ಕಿರುವಾನರದ ಹಿಪೊಕ್ಯಾಂಪಸ್ಸಿನಲ್ಲಿ 'ಕೋಶಗಳು ದಟ್ಟವಾಗಿವೆ' ಎಂಬ ವಾಕ್ಯವನ್ನು ಈ ಬೆಳಕಿನಲ್ಲಿಯೇ ಓದಬೇಕು. ಮಿದುಳು ಚಿಕ್ಕದಾದಷ್ಟೂ ಕೋಶಗಳ ನಡುವಣ ತಂತುಜಾಲಕ್ಕೆ ಬೇಕಾದ ಎಡೆಯು ಕಡಮೆಯಾಗಿ, ಕೋಶಗಳು ಹತ್ತಿರವಾಗುವುದು ಸಾಮಾನ್ಯ. ಆ ದಟ್ಟಣೆಯು ನೆನಪಿನ ಶಕ್ತಿಯನ್ನಾಗಲಿ ಅಶಕ್ತಿಯನ್ನಾಗಲಿ ಸೂಚಿಸುವುದಿಲ್ಲ.

4. ಹೊಸ ಕೋಶಗಳ ವಾದ

ಎಣಿಕೆಯ ಪ್ರಶ್ನೆಯ ಒಂದು ಶಾಖೆಯಲ್ಲಿ ಮಾರ್ಮೊಸೆಟ್ಟೇ ಸಾಕ್ಷಿಯ ಕಟ್ಟೆಯನ್ನೇರಿತು. ಬೆಳೆದ ಪ್ರಾಣಿಯ ಮಿದುಳಿನಲ್ಲಿ ಹೊಸ ನರಕೋಶಗಳು ಹುಟ್ಟುವುದಿಲ್ಲವೆಂಬುದು ಬಹುಕಾಲದ ನಂಬಿಕೆ. 1965ರಲ್ಲಿ ಜೋಸೆಫ್ ಆಲ್ಟ್‌ಮನ್ ಮತ್ತು ಗೋಪಾಲ ದಾಸ್ ಎಂಬವರು ಇಲಿಯ ದಂತುರ ಮಡಿಕೆಯಲ್ಲಿ ಜನನಾನಂತರವೂ ಕಣಕೋಶಗಳು ಹುಟ್ಟುತ್ತವೆಂದು ವಿಕಿರಣಶೀಲ ಗುರುತಿನ ಮೂಲಕ ತೋರಿಸಿದರು. ಅದಕ್ಕೆ ಬಹುದಿನ ತಕ್ಕ ಮನ್ನಣೆಯು ದೊರೆಯಲಿಲ್ಲ. 1985ರಲ್ಲಿ ರಾಕಿಚ್ ರೀಸಸ್ ಕೋತಿಗಳನ್ನು ಪರೀಕ್ಷಿಸಿ, ವಾನರಗಳಲ್ಲಿ ಈ ಉತ್ಪತ್ತಿಯು ಎಳವೆಯಲ್ಲಿಯೇ ನಿಲ್ಲುತ್ತದೆಂದು ವಾದಿಸಿದನು. 1998ರಲ್ಲಿ ಎಲಿಜಬೆತ್ ಗೂಲ್ಡ್ ಮತ್ತು ಸಂಗಡಿಗರು ಬೆಳೆದ ಮಾರ್ಮೊಸೆಟ್ಟುಗಳ ದಂತುರ ಮಡಿಕೆಯಲ್ಲಿ ಹೊಸ ಕೋಶಗಳನ್ನು ಕಂಡರು. ಅಪರಿಚಿತವಾದ ಇನ್ನೊಂದು ಮಾರ್ಮೊಸೆಟ್ಟಿನ ಪಂಜರದಲ್ಲಿ ಕೇವಲ ಒಂದು ಗಂಟೆ ಕಾಲ ಇರಿಸಿದ ಪ್ರಾಣಿಯಲ್ಲಿ ಈ ಉತ್ಪತ್ತಿಯು ಕುಗ್ಗಿತೆಂಬುದು ಆ ವರದಿಯ ಎರಡನೆಯ ಅಂಶ. 1999ರಲ್ಲಿ ಕೊರ್ನಾಕ್ ಮತ್ತು ರಾಕಿಚ್ ತಾವೇ ಮಕಾಕ್ ಕೋತಿಯ ದಂತುರ ಮಡಿಕೆಯಲ್ಲಿ ನೂತನ ನರಕೋಶಗಳನ್ನು ವರದಿಮಾಡಿದರು. ಹಿಂದಿನ ಮತವನ್ನು ತಿದ್ದಿಕೊಳ್ಳಲು ಹಿಂಜರಿಯದ ಈ ನಡತೆಯು ಪ್ರಶಂಸಾರ್ಹವಾದುದು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಅದೇ 1999ರಲ್ಲಿ ಗೂಲ್ಡ್ ಮತ್ತು ಸಂಗಡಿಗರು ಮಕಾಕ್ ಕೋತಿಯ ಮಿದುಳಿನ ಹೊರಪದರಕ್ಕೂ ಹೊಸ ನರಕೋಶಗಳು ಬಂದು ಸೇರುತ್ತವೆಂದು ಪ್ರತಿಪಾದಿಸಿದರು. 2001ರಲ್ಲಿ ಕೊರ್ನಾಕ್ ಮತ್ತು ರಾಕಿಚ್ ಅಲ್ಲಿ ಕೋಶವಿಭಜನೆಯನ್ನು ಕಂಡರೂ ನೂತನ ನರಕೋಶಗಳನ್ನು ಕಾಣಲಿಲ್ಲ. ನರಕೋಶಕ್ಕೆ ಅಂಟಿಕೊಂಡು ಕುಳಿತ ಪೋಷಕಕೋಶದ ಗುರುತು, ಮೇಲಿನಿಂದ ನೋಡುವವನಿಗೆ, ನರಕೋಶದ್ದೇ ಎಂದು ಭ್ರಾಂತಿಯನ್ನುಂಟುಮಾಡುತ್ತದೆಂಬುದು ಅವರ ಆಕ್ಷೇಪಣೆಯ ತಿರುಳು. 2007ರಲ್ಲಿ ಲ್ಯೂನರ್ ಮತ್ತು ಸಂಗಡಿಗರು ಮಾರ್ಮೊಸೆಟ್ಟಿನಲ್ಲಿ ಈ ಉತ್ಪತ್ತಿಯು ಮುಪ್ಪಿಗೆ ಮುಂಚೆಯೇ ಇಳಿಮುಖವಾಗುತ್ತದೆಂದು ತೋರಿಸಿದರು. ಮನುಷ್ಯನ ವಿಷಯದಲ್ಲಿ 2018ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎರಡು ವಿರುದ್ಧ ವರದಿಗಳು ಬಂದವು. ಬೆಳೆದವರಲ್ಲಿ ಹೊಸ ನರಕೋಶಗಳು ಕಾಣವೆಂದು ಸೊರೆಲ್ಸ್ ಮತ್ತು ಸಂಗಡಿಗರು, ಮುಪ್ಪಿನವರೆಗೂ ಮುಂದುವರಿಯುತ್ತವೆಂದು ಬೊಲ್ಡ್ರಿನಿ ಮತ್ತು ಸಂಗಡಿಗರು. ಆ ಬಳಿಕವೂ ವಾದವು ನಡೆದೇ ಇದೆ.

ಈ ವಿವಾದದಲ್ಲಿ ನಾವು ಪಕ್ಷವನ್ನು ವಹಿಸುವುದಿಲ್ಲ. ಅದರ ರೀತಿಯನ್ನು ಮಾತ್ರ ವಿಮರ್ಶಿಸುತ್ತೇವೆ. ಕೋಶವು ವಿಭಜಿಸಿತೆಂಬುದು ಒಂದು ಮಾತು. ವಿಭಜಿಸಿದ್ದು ನರಕೋಶವಾಯಿತೆಂಬುದು ಇನ್ನೊಂದು. ಆ ನರಕೋಶವು ಬದುಕಿ ಜಾಲದಲ್ಲಿ ಸೇರಿತೆಂಬುದು ಮೂರನೆಯದು. ಸೇರಿದ್ದರಿಂದ ನೆನಪಿಗೆ ನೆರವಾಯಿತೆಂಬುದು ನಾಲ್ಕನೆಯದು. ಮೊದಲನೆಯದರ ಸಾಕ್ಷ್ಯವನ್ನು ಕೊಟ್ಟು ನಾಲ್ಕನೆಯದರ ತೀರ್ಪನ್ನು ಬೇಡುವ ಬರಹಗಳು ಇಂದೂ ವಿರಳವಲ್ಲ. ಮರಣಾನಂತರ ಎಷ್ಟು ಹೊತ್ತಿಗೆ ಅಂಗಾಂಶವನ್ನು ರಾಸಾಯನಿಕದಲ್ಲಿ ಸ್ಥಿರಗೊಳಿಸಿದರೆಂಬುದರ ಮೇಲೆ ಕೆಲವು ಗುರುತುಗಳ ಗೋಚರತೆ ನಿಂತಿರುವಾಗ, 'ಕಾಣಲಿಲ್ಲ' ಎಂಬುದನ್ನು 'ಇಲ್ಲ' ಎಂದು ಓದುವುದೂ ಅಷ್ಟೇ ತಪ್ಪು.

5. ಏಣಿ

ಕೊನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಆಳವಾದ ದೋಷ. ಇಲಿಯ ಮಿದುಳು 2 ಗ್ರಾಮು, ಮಾರ್ಮೊಸೆಟ್ಟಿನದು 8, ರೀಸಸ್ ಕೋತಿಯದು ಸುಮಾರು 90, ಮನುಷ್ಯನದು ಸುಮಾರು 1,350. ಈ ಸಾಲನ್ನು ನೋಡಿದ ಕೂಡಲೇ ಮನಸ್ಸು ಅದನ್ನೊಂದು ಏಣಿಯಾಗಿ ಮಾಡಿಕೊಳ್ಳುತ್ತದೆ; ಎರಡನೆಯ ಮೆಟ್ಟಲಿನ ಮೇಲೆ ಮಾರ್ಮೊಸೆಟ್ಟನ್ನು ಕೂರಿಸುತ್ತದೆ. 'ಇಲಿಗೂ ಮನುಷ್ಯನಿಗೂ ನಡುವಣ ಪ್ರಾಣಿ' ಎಂಬ ಮಾತು ಇಲ್ಲಿ ಹುಟ್ಟುತ್ತದೆ. ಆದರೆ ವಿಕಾಸವು ಏಣಿಯಲ್ಲ, ಕವಲೊಡೆಯುವ ಮರ. ಅಮೆರಿಕ ಖಂಡದ ಕೋತಿಗಳ ವಂಶವು ಮಕಾಕ್ ಮತ್ತು ಮನುಷ್ಯರ ವಂಶದಿಂದ ಸುಮಾರು 4 ಕೋಟಿ ವರ್ಷಗಳ ಹಿಂದೆಯೇ ಕವಲೊಡೆಯಿತು. ಅಷ್ಟೇ ಕಾಲ ಎರಡೂ ತಂತಮ್ಮ ದಾರಿಯಲ್ಲಿ ಬದಲಾಗಿವೆ. ಮಾರ್ಮೊಸೆಟ್ಟಿನ ಪೂರ್ವಿಕರು ಗಾತ್ರದಲ್ಲಿ ಈಗಿನದಕ್ಕಿಂತ ದೊಡ್ಡವರಾಗಿದ್ದು, ಈ ಕುಬ್ಜತೆಯು ಆಮೇಲೆ ಬಂದದ್ದೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಹಾಗಾದಲ್ಲಿ ಅದರ ಸಣ್ಣತನವೂ ಮಿದುಳಿನ ನುಣುಪೂ ಆದಿಮತೆಯ ಗುರುತಲ್ಲ. ಬಳಿಕ ಗಳಿಸಿದ ಲಕ್ಷಣಗಳು.

ಚಟುವಟಿಕೆಯ ಸಾಕ್ಷ್ಯವೂ ಇದಕ್ಕೆ ಒತ್ತಾಸೆಯಾಗಿದೆ. 1971ರಲ್ಲಿ ಓ'ಕೀಫ್ ಮತ್ತು ದೊಸ್ತ್ರೋವ್ಸ್ಕಿ ಇಲಿಯ ಹಿಪೊಕ್ಯಾಂಪಸ್ಸಿನಲ್ಲಿ, ಪ್ರಾಣಿಯು ಒಂದು ನಿರ್ದಿಷ್ಟ ಸ್ಥಳದಲ್ಲಿದ್ದಾಗ ಮಾತ್ರ ಮಿಡಿಯುವ ಕೋಶಗಳನ್ನು ವರದಿಮಾಡಿದರು. ನಡೆದಾಡುವ ಇಲಿಯಲ್ಲಿ ಈ ಮಿಡಿತಕ್ಕೆ ಜೊತೆಯಾಗಿ ಥೀಟಾ ಎಂಬ ತಾಳವು ಎಡೆಬಿಡದೆ ಇರುತ್ತದೆ. ಸ್ವೇಚ್ಛೆಯಾಗಿ ಓಡಾಡುವ ಮಾರ್ಮೊಸೆಟ್ಟುಗಳನ್ನು ಕುರಿತ 2019ರ ವರದಿಯಲ್ಲಿ ಕೂರೆಲಿಸ್ ಮತ್ತು ಸಂಗಡಿಗರು ಆ ತಾಳವು ಬಿಟ್ಟುಬಿಟ್ಟು, ಚಿಕ್ಕ ಚಿಕ್ಕ ಅವಧಿಗಳಲ್ಲಿ ಮಾತ್ರ ಬರುವುದನ್ನು ಕಂಡರು. ಹಗಲು ಹೊತ್ತು ಕಣ್ಣಿನಿಂದ ಲೋಕವನ್ನು ಅರಸುವ ಪ್ರಾಣಿಗೂ, ಇರುಳಿನಲ್ಲಿ ಮೂಗು ಮೀಸೆಗಳಿಂದ ದಾರಿ ತಡಕುವ ಪ್ರಾಣಿಗೂ ಸ್ಥಳದ ನೆನಪು ಒಂದೇ ಬಗೆಯದೆಂದು ಮುಂಚಿತವಾಗಿಯೇ ನಂಬಲು ಯಾವ ಕಾರಣವೂ ಇಲ್ಲ.

ಹಾಗೆಂದು ನಾವು ಹೋಲಿಕೆಯೇ ವ್ಯರ್ಥವೆನ್ನುವುದಿಲ್ಲ. ಪಾಚಿತಂತುಗಳು, ಸಿಎ 3, ಸಿಎ 1 ಎಂಬ ಸ್ಥೂಲವಿನ್ಯಾಸವು ಇಲಿಯಿಂದ ಮನುಷ್ಯನವರೆಗೆ ಉಳಿದುಬಂದಿರುವುದೇ ಒಂದು ಆಶ್ಚರ್ಯ. ಆದರೆ ಉಳಿದುಬಂದದ್ದೇನು, ಬದಲಾದದ್ದೇನು ಎಂಬುದನ್ನು ಪ್ರತ್ಯೇಕವಾಗಿ ತೋರಿಸುವ ಹೊಣೆಯು ಹೋಲಿಸುವವನ ಮೇಲಿದೆ. ಮೆಟ್ಟಲಿನ ಸ್ಥಾನವು ಆ ಹೊಣೆಯನ್ನು ಇಳಿಸುವುದಿಲ್ಲ.

6. ಇಷ್ಟು ಸೂಕ್ಷ್ಮ ಏಕೆ?

ಗಡಿರೇಖೆಯು ಅರ್ಧ ಮಿಲಿಮೀಟರು ಅತ್ತಿತ್ತಾದರೆ ಏನಾಯಿತೆಂದು ವಿದ್ಯಾರ್ಥಿಯು ಕೇಳಬಹುದು. ಪ್ರಶ್ನೆ ನ್ಯಾಯವಾದುದು, ಉತ್ತರವನ್ನು ಕೊಡಬೇಕು. 1953ರಲ್ಲಿ ಅಪಸ್ಮಾರದ ಚಿಕಿತ್ಸೆಗಾಗಿ ಎರಡೂ ಪಕ್ಕದ ಪಾರ್ಶ್ವಖಂಡದ ಒಳಭಾಗವನ್ನು ಕಳೆದುಕೊಂಡ ರೋಗಿಯೊಬ್ಬನು ಅಂದಿನಿಂದ ಹೊಸ ಅನುಭವಗಳನ್ನು ನೆನಪಿನಲ್ಲಿಡಲಾರದವನಾದನು. ಸ್ಕೊವಿಲ್ ಮತ್ತು ಮಿಲ್ನರ್ 1957ರಲ್ಲಿ ಪ್ರಕಟಿಸಿದ ಈ ವೃತ್ತಾಂತವು ಸ್ಮೃತಿಶಾಸ್ತ್ರದ ಗತಿಯನ್ನೇ ಬದಲಿಸಿತು. ಆದರೆ ಅಲ್ಲಿ ಕಳೆದುಹೋದದ್ದು ಅನೇಕ ಭಾಗಗಳು. ಯಾವುದರ ನಷ್ಟದಿಂದ ಯಾವ ಫಲವೆಂದು ಬೇರ್ಪಡಿಸಲಾಗಲಿಲ್ಲ. 1986ರಲ್ಲಿ ಜೋಲಾ-ಮಾರ್ಗನ್, ಸ್ಕ್ವೈರ್, ಅಮರಾಲ್ ಇನ್ನೊಬ್ಬ ರೋಗಿಯ ವೃತ್ತಾಂತವನ್ನು ಪ್ರಕಟಿಸಿದರು. ಮಿದುಳಿಗೆ ರಕ್ತದ ಕೊರತೆಯಾದ ನಂತರ ಆತನ ಸ್ಮೃತಿಯು ಕುಂದಿತ್ತು. ಮರಣಾನಂತರ ನೋಡಲಾಗಿ, ಮುಖ್ಯವಾದ ನಷ್ಟವು ಎರಡೂ ಪಕ್ಕದ ಸಿಎ 1ರ ಉದ್ದಕ್ಕೂ ಕೋಶಗಳು ಅಳಿದುಹೋಗಿದ್ದುದು; ನೆರೆಯ ಭಾಗಗಳು ಬಹುಮಟ್ಟಿಗೆ ಉಳಿದಿದ್ದವು. ಒಬ್ಬ ಮನುಷ್ಯನ ಬಾಳಿನ ನೆನಪು ಸೂಕ್ಷ್ಮದರ್ಶಕದಡಿಯ ಒಂದು ಪಟ್ಟಿಯ ಅಗಲವನ್ನು ಅವಲಂಬಿಸಿತ್ತು. ಆ ಪಟ್ಟಿಯ ಮೇರೆಯು ಲೊರೆಂತೆ ದೆ ನೊ ಎಳೆದ ಮೇರೆಯೇ. ಗಡಿಯು ಸಡಿಲವಾಗಿದ್ದಿದ್ದರೆ ಆ ವೃತ್ತಾಂತದಿಂದ ಯಾವ ತೀರ್ಮಾನಕ್ಕೂ ಬರಲಾಗುತ್ತಿರಲಿಲ್ಲ.

ಇನ್ನೂ ಒಂದು ಕಾರಣವಿದೆ. ಈ ವಿದ್ಯೆಯ ಒಂದೊಂದು ಅಂಕಿಯ ಹಿಂದೆಯೂ ಒಂದು ಪ್ರಾಣಿಯ ಜೀವವಿದೆ. ಮಾರ್ಮೊಸೆಟ್ಟು ಕುಟುಂಬವಾಗಿ ಬಾಳುವ, ಅವಳಿ ಮರಿಗಳನ್ನು ತಂದೆತಾಯಿಗಳಿಬ್ಬರೂ ಹೊತ್ತು ಸಲಹುವ ಪ್ರಾಣಿ. ಕೆಲವೇ ಪ್ರಾಣಿಗಳಿಂದ ಪಡೆದ ಸಾಕ್ಷ್ಯವನ್ನು ಅಸ್ಪಷ್ಟವಾದ ಹೆಸರುಗಳಲ್ಲಿ, ಹೋಲಿಸಲಾಗದ ಸಾಂದ್ರತೆಗಳಲ್ಲಿ ಬರೆದಿಟ್ಟರೆ, ಮತ್ತೊಬ್ಬನು ಅದೇ ಪ್ರಯೋಗವನ್ನು ಮತ್ತೆ ಮಾಡಬೇಕಾಗುತ್ತದೆ. ಪರಿಭಾಷೆಯ ಶೈಥಿಲ್ಯದ ಬೆಲೆಯನ್ನು ತೆರುವುದು ಲೇಖಕನಲ್ಲ.

ಮೇಲ್ಕಂಡ ವಿಚಾರದಿಂದ ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಾವು ಸೂಚಿಸುವುದು ಮೂರೇ ಮಾತು. ಒಂದು, ಯಾವ ನಕ್ಷೆಯನ್ನು ತೋರಿಸಿದರೂ ಅದರ ಗಡಿಗಳನ್ನು ಯಾವ ಲಕ್ಷಣದಿಂದ ನಿರ್ಣಯಿಸಿದರೆಂಬುದನ್ನು ಜೊತೆಗೇ ಹೇಳಬೇಕು. ಎರಡು, ಯಾವ ಅಂಕಿಯನ್ನು ಉದ್ಧರಿಸಿದರೂ ಅದು ಸಾಂದ್ರತೆಯೋ ಒಟ್ಟು ಸಂಖ್ಯೆಯೋ ಎಂಬುದನ್ನು, ಯಾವ ಪ್ರಾಣಿಯದೆಂಬುದನ್ನು ಬಿಡದೆ ನಮೂದಿಸಬೇಕು. ಮೂರು, ಬಾಣಚಿತ್ರವನ್ನು ಹಲಗೆಯ ಮೇಲೆ ಬರೆದ ದಿನವೇ ಅದು ಬಿಟ್ಟಿರುವ ಸಂಬಂಧಗಳಲ್ಲಿ ಒಂದನ್ನಾದರೂ ಅದರ ಪಕ್ಕದಲ್ಲಿ ಬರೆಯಬೇಕು.

ಕಹಾಲನೂ ಗೊಲ್ಜಿಯೂ ನೋಡಿದ ಅಂಗಾಂಶವು ಒಂದೇ ಬಗೆಯದಾಗಿತ್ತು. ತಾನು ಕಂಡದ್ದನ್ನು ಇತರರು ಪರೀಕ್ಷಿಸಲು ಬರುವಂತೆ ಹೇಳಿದವನ ಮಾತು ನಿಂತಿತು. ಕಿರುವಾನರದ ಹಿಪೊಕ್ಯಾಂಪಸ್ಸನ್ನು ಕುರಿತು ಇನ್ನು ಬರಲಿರುವ ವಾಙ್ಮಯಕ್ಕೂ ಇದೇ ಒರೆಗಲ್ಲು.